ಕಾರು ತಗ್ಗಿಸುವ ಮೊದಲು: ಸ್ಪ್ರಿಂಗ್ ಒಂದೇ ಸಾಲದು, ಇನ್ನೇನೇನು ನೋಡಬೇಕು?

"ಕಾರು ಸ್ವಲ್ಪ ಕೆಳಗಿಳಿಸಬೇಕು, ಯಾವ ಸ್ಪ್ರಿಂಗ್ ತಗೊಳ್ಳಲಿ?" ಪುಣೆಯಲ್ಲಿರುವ ನಮ್ಮ ಕನ್ನಡದ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ವಾಕಡ್, ಹಿಂಜವಡಿ, ಚಿಂಚವಾಡದ ಕಡೆಯಿಂದ ವಾರಕ್ಕೊಬ್ಬರಾದರೂ ಕೇಳುತ್ತಾರೆ. ನಾನು ಅವರನ್ನು ತಿರುಗಿ ಕೇಳುವುದು ಒಂದೇ ಮಾತು: "ದೀಪಾವಳಿಗೆ ಊರಿಗೆ ಹೋಗುವಾಗ ಕಾರಿನಲ್ಲಿ ಎಷ್ಟು ಜನ ಕೂರುತ್ತೀರಿ? ಡಿಕ್ಕಿಯಲ್ಲಿ ಏನೇನು ಇರುತ್ತದೆ?"

ಯಾಕೆ ಅಂದರೆ, ತಗ್ಗಿಸಿದ ಕಾರು ಒಬ್ಬರೇ ಕೂತು ಆಫೀಸಿಗೆ ಹೋಗಿ ಬರುವಾಗ ಚೆನ್ನಾಗಿಯೇ ಇರುತ್ತದೆ. ಅಪ್ಪ, ಅಮ್ಮ, ಮಗು, ನಾಲ್ಕು ಬ್ಯಾಗು ಹಾಕಿಕೊಂಡು ಸೊಲ್ಲಾಪುರದ ಮೇಲೆ ವಿಜಯಪುರಕ್ಕೋ, ಕಾತ್ರಜ್ ಸುರಂಗ ದಾಟಿ ಬೆಳಗಾವಿ, ಹುಬ್ಬಳ್ಳಿಗೋ ಹೊರಟಾಗ ಅದರ ನಿಜವಾದ ಪರೀಕ್ಷೆ. ಆದ್ದರಿಂದ ಈ ಲೇಖನದಲ್ಲಿ ಎಲ್ಲ ಲೆಕ್ಕವನ್ನೂ ಭಾರ ತುಂಬಿದ ಕಾರಿನಿಂದ ಹಾಕುತ್ತೇನೆ. ನೀವೂ ಹಾಗೇ ಮಾಡಿ.

1. ಕಾನೂನು ಮತ್ತು ವಿಮೆ ಮೊದಲು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಏನು ಹೇಳುತ್ತದೆ ಅಂದರೆ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಹಾಗಾಗಿ ಸಾಮಾನು ಕೊಳ್ಳುವ ಮೊದಲು ಎರಡು ಕಡೆ ಕೇಳಿ. ಒಂದು, ನಿಮ್ಮ ಆರ್‌ಟಿಒ. ಇನ್ನೊಂದು, ನಿಮ್ಮ ವಿಮಾ ಕಂಪನಿ. ಬಾಯಿಮಾತು ಬೇಡ, ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಇಮೇಲಿನಲ್ಲೇ ಪಡೆಯಿರಿ. ವಾರಂಟಿ ಇನ್ನೂ ಇರುವ ಕಾರಾದರೆ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ಪೆಟ್ಟು ತಡೆಯುವ ಏರ್ಪಾಡಿನ, ವಾರಂಟಿ ಕೈಬಿಟ್ಟಂತೆಯೇ ಅಂದುಕೊಳ್ಳಿ. ಉತ್ತರ "ಬೇಡ" ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಸಸ್ಪೆನ್ಷನ್ನಿನ ಶಾಕ್ ಅಬ್ಸಾರ್ಬರ್, ಬುಷ್ ಮತ್ತು ಮೌಂಟ್ ಅನ್ನುವ ರಬ್ಬರಿನ ಜೋಡಣೆ ಭಾಗಗಳನ್ನು ಹೊಸದು ಹಾಕಿಸಿದರೂ ಕಾರಿನ ಹಿಡಿತ ಎಷ್ಟೋ ಸುಧಾರಿಸುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಡ.

2. ಈಗ ಇರುವ ಎತ್ತರ ಅಳೆದುಕೊಳ್ಳಿ

ಒಂದು ಟೇಪು, ಒಂದು ನೋಟ್‌ಬುಕ್ಕು, ನಾಲ್ಕು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಇದ್ದರೆ ಸಾಕು.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿಗೆ, ಅಂದರೆ ಚಕ್ರದ ಮೇಲಿರುವ ಬಾಡಿ ಕಮಾನಿನ ಅಂಚಿಗೆ, ಎಷ್ಟು ಮಿಲಿಮೀಟರ್ ಇದೆ ಅಂತ ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ, ಟೈರಿನ ಸವೆತ ಎಲ್ಲವೂ ಆ ಅಳತೆಯಲ್ಲಿ ಸೇರಿಬಿಡುತ್ತದೆ. ಆಮೇಲೆ ಊರಿಗೆ ಹೋಗುವಾಗ ಕೂರುವಷ್ಟೇ ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಅಷ್ಟೇ ಭಾರ ಇಟ್ಟು, ಮತ್ತೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಕಾರು ಭಾರಕ್ಕೆ ಎಷ್ಟು ಕುಸಿಯುತ್ತದೆ ಎನ್ನುವ ಲೆಕ್ಕ.

ಈಗ ಕೇಬಲ್ ಟೈ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಮುಂದಿನ ಶಾಕ್ ಅಬ್ಸಾರ್ಬರ್ ಕಾಣುತ್ತದೆ. ಗ್ಯಾರೇಜಿನವರು ಶಾಕಪ್ ಅನ್ನುವುದು ಇದನ್ನೇ. ಅದರ ರಬ್ಬರಿನ ಧೂಳು ಕವಚವನ್ನು ಮೇಲೆ ಸರಿಸಿದರೆ ಹೊಳೆಯುವ ಉಕ್ಕಿನ ರಾಡ್ ಸಿಗುತ್ತದೆ. ಆ ರಾಡಿಗೆ ಕೇಬಲ್ ಟೈ ಸುತ್ತಿ, ಕೆಳಗೆ ಶಾಕಿನ ದೇಹಕ್ಕೆ ತಾಗುವ ಹಾಗೆ ಇಳಿಸಿ. ತೀರಾ ಬಿಗಿ ಬೇಡ, ಬೆರಳಿನಿಂದ ಒತ್ತಿದರೆ ಜಾರಬೇಕು, ತಾನಾಗಿ ಬೀಳಬಾರದು. ಬಾಲವನ್ನು ಗಿಡ್ಡ ಮಾಡಿ ಕತ್ತರಿಸಿ. ಕತ್ತರಿ ರಾಡಿಗೆ ತಾಗದಂತೆ ನೋಡಿಕೊಳ್ಳಿ, ಅಲ್ಲೊಂದು ಗೀರು ಬಿದ್ದರೂ ಎಣ್ಣೆ ಸೀಲು ಹಾಳಾಗುತ್ತದೆ.

ದಿನಾ ಹೋಗುವ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಶಾಕ್ ಒತ್ತಿಕೊಂಡಾಗಲೆಲ್ಲ ಅದರ ದೇಹ ಕೇಬಲ್ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಶಾಕ್ ವಾಪಸ್ ಬಂದರೂ ಟೈ ಅಲ್ಲೇ ಉಳಿಯುತ್ತದೆ. ಅಂದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಶಾಕ್ ಎಷ್ಟು ಓಡಿದೆ ಅನ್ನುವುದನ್ನು ಆ ಟೈ ತೋರಿಸುತ್ತದೆ. ಭಾರ ತುಂಬಿಕೊಂಡು ಇನ್ನೊಂದು ಸಲ ಇದೇ ಮಾಡಿ. ಇನ್ನೂ ಒಂದು ಅಳತೆ ಬೇಕು: ಕಾರು ಸುಮ್ನೆ ನಿಂತಿರುವಾಗ ಶಾಕಿನ ದೇಹದಿಂದ ಮೇಲಿನ ಬಂಪ್ ಸ್ಟಾಪ್‌ವರೆಗೆ ಎಷ್ಟು ರಾಡ್ ಇದೆ? ಬಂಪ್ ಸ್ಟಾಪ್ ಅಂದರೆ ರಾಡಿನ ಮೇಲ್ತುದಿಯಲ್ಲಿರುವ ಸ್ಪಂಜಿನಂಥ ಗಟ್ಟಿ ತುಂಡು. ಶಾಕ್ ಪೂರ್ತಿ ಒಳಗೆ ಹೋಗಿ ಲೋಹಕ್ಕೆ ಲೋಹ ಬಡಿಯದಂತೆ ಅದು ತಡೆಯುತ್ತದೆ. ಈ ದೂರವನ್ನು ನಾನು "ಬಾಕಿ ಓಟ" ಅಂತ ಕರೆಯುತ್ತೇನೆ.

ನನ್ನ ಕಾರಿನಲ್ಲಿ ಖಾಲಿ ಇದ್ದಾಗ ಮುಂದಿನ ಬಾಕಿ ಓಟ 62 ಮಿ.ಮೀ. ನಾಲ್ಕು ಜನ ಕೂತರೆ 48. ನಾನು 30 ಮಿ.ಮೀ ಇಳಿಸಿದರೆ ಭಾರ ತುಂಬಿದಾಗ ಉಳಿಯುವುದು 18. ಒಂದು ಹೆಬ್ಬೆರಳಿನ ಅಗಲ! ಹೊಸ ಸ್ಪ್ರಿಂಗ್ ಗಟ್ಟಿ ಇದ್ದರೆ ಭಾರಕ್ಕೆ ಕೊಂಚ ಕಡಿಮೆ ಕುಸಿಯುತ್ತದೆ, ನಿಜ. ಆದರೂ ಮಳೆಗಾಲದ ಪುಣೆಯ ಖಡ್ಡಾಗಳಿಗೆ, ಅಂದರೆ ರಸ್ತೆ ಗುಂಡಿಗಳಿಗೆ, ಇದು ಏನೇನೂ ಸಾಲದು. ನಿಮ್ಮ ಕಾರಿನ ಅಂಕಿ ಬೇರೆ ಇರುತ್ತದೆ. ಅದಕ್ಕೇ ಅಳೆಯಿರಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

3. ಎಷ್ಟು ಇಳಿಸಬೇಕು ಅಂತ ತೀರ್ಮಾನಿಸಿ

ನಮ್ಮ ಹ್ಯಾಚ್‌ಬ್ಯಾಕುಗಳಲ್ಲಿ ಹೆಚ್ಚಿನವಕ್ಕೆ ನೆಲದಿಂದ ಇರುವ ಎತ್ತರ 160ರಿಂದ 170 ಮಿ.ಮೀ. ಕಂಪನಿ ಕೊಟ್ಟ ಅಂಕಿ ಖಾಲಿ ಕಾರಿನದ್ದೋ ತುಂಬಿದ ಕಾರಿನದ್ದೋ ಅಂತ ಮೊದಲು ನೋಡಿಕೊಳ್ಳಿ.

ಇನ್ನು ರಸ್ತೆ ಉಬ್ಬು. ಇಲ್ಲಿನ ಬೋರ್ಡುಗಳಲ್ಲಿ 'ಗತಿರೋಧಕ' ಅಂತ ಬರೆದಿರುತ್ತದಲ್ಲ, ಅದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಈ ಉಬ್ಬು ಎಷ್ಟು ಅಗಲ ಅಂದರೆ, ಸಣ್ಣ ಕಾರಿನ ನಾಲ್ಕೂ ಚಕ್ರ ಅದರ ಮೇಲೇ ಇರುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 2,450 ಮಿ.ಮೀ ಇರುವ ಕಾರಿಗೆ ಲೆಕ್ಕ ಹಾಕಿದರೆ, ಉಬ್ಬಿನ ನೆತ್ತಿ ಕಾರಿನ ಹೊಟ್ಟೆಯ ಕಡೆಗೆ ಏರುವುದು ಬರೀ 44 ಮಿ.ಮೀ. ತಗ್ಗಿಸಿದ ಕಾರೂ ಸುಲಭವಾಗಿ ದಾಟುತ್ತದೆ.

ಆದರೆ ಗಲ್ಲಿಗಳಲ್ಲಿ, ಹೌಸಿಂಗ್ ಸೊಸೈಟಿ ಗೇಟಿನಲ್ಲಿ ಇರುವುದು ಅಂಥ ಉಬ್ಬಲ್ಲ. ಒಂದು ಮೊಳ ಅಗಲದ, ಚೂಪು ನೆತ್ತಿಯ ಉಬ್ಬು. ಅದರ ಪೂರ್ತಿ ಎತ್ತರ ಕಾರಿನ ಹೊಟ್ಟೆಗೆ ಸಿಗುತ್ತದೆ. 165 ಮಿ.ಮೀ ಎತ್ತರದ ಕಾರು ಭಾರಕ್ಕೆ 35 ಕುಸಿದರೆ ಉಳಿದದ್ದು 130. 12 ಸೆಂ.ಮೀ ಉಬ್ಬನ್ನು ಹೇಗೋ ದಾಟುತ್ತದೆ. 30 ತಗ್ಗಿಸಿದರೆ ಉಳಿಯುವುದು 100, ಅಲ್ಲಿಗೆ ಸೈಲೆನ್ಸರ್ ಉಜ್ಜಿತು ಅಂತಲೇ ಲೆಕ್ಕ. ನಿಮ್ಮ ಮನೆ ಗೇಟಿನ ಉಬ್ಬನ್ನು, ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿನ ಮೇಲ್ಮೂಲೆಯನ್ನು, ಪಾರ್ಕಿಂಗಿನಲ್ಲಿ ಚಕ್ರ ತಡೆಯುವ ಕಾಂಕ್ರೀಟ್ ತುಂಡಿನ ಎತ್ತರವನ್ನು ಒಂದು ಸಂಜೆ ಹೋಗಿ ಟೇಪು ಹಿಡಿದು ಅಳೆಯಿರಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಊರಿಗೆ ಸಂಸಾರ ಕರೆದುಕೊಂಡು ಹೋಗುವ ಕಾರಿಗೆ 20ರಿಂದ 25 ಮಿ.ಮೀ ಸಾಕು. 40ರ ಆಸೆ ಬಿಡಿ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಹಿಂದಿನ ಭಾಗ ಇಳಿಸಲೇಬೇಡಿ, ಅಲ್ಲಿ ಯಾವಾಗಲೂ ಭಾರ ಇದ್ದೇ ಇರುತ್ತದೆ.

4. ಸ್ಪ್ರಿಂಗ್ ಆರಿಸುವುದು

ಮೊದಲ ಎಚ್ಚರಿಕೆ: ಇರುವ ಸ್ಪ್ರಿಂಗನ್ನು ಕಟರ್ ಹಾಕಿ ಕತ್ತರಿಸಬೇಡಿ, ಗ್ಯಾಸಿನಲ್ಲಿ ಕಾಯಿಸಿ ಕೂರಿಸಬೇಡಿ. "ಒಂದು ಸುತ್ತು ಕತ್ತರಿಸಿದರೆ ಆಯ್ತು, ಸುಮ್ನೆ ಯಾಕೆ ದುಡ್ಡು?" ಅಂತ ಹೇಳುವವರು ಇದ್ದಾರೆ. ಸ್ಪ್ರಿಂಗಿನ ತುದಿ ಅದರ ತಟ್ಟೆಯಲ್ಲಿ ಸರಿಯಾಗಿ ಕೂರುವ ಹಾಗೆ ಕಾರ್ಖಾನೆಯಲ್ಲೇ ರೂಪ ಕೊಟ್ಟಿರುತ್ತಾರೆ. ಕತ್ತರಿಸಿದ ತುದಿ ಓರೆಯಾಗಿ ಕೂರುತ್ತದೆ. ಚಕ್ರ ಗುಂಡಿಯಲ್ಲಿ ಜೋತು ಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತಟ್ಟೆಯಿಂದ ಸರಿಯಬಹುದು. ಕಾಯಿಸಿದರಂತೂ ಉಕ್ಕಿನ ಹದವೇ ಹೋಗುತ್ತದೆ, ದಿನದಿಂದ ದಿನಕ್ಕೆ ಕುಸಿಯುತ್ತಾ ಹೋಗುತ್ತದೆ.

ಅಂಗಡಿಯ ಲೋಯರಿಂಗ್ ಸ್ಪ್ರಿಂಗಿನಲ್ಲಿ ಎರಡು ಬಗೆ. ಲೀನಿಯರ್ ಅಂದರೆ ಎಷ್ಟು ಒತ್ತಿದರೂ ಗಡಸು ಒಂದೇ. ಪ್ರೊಗ್ರೆಸಿವ್ ಅಂದರೆ ಮೊದಲು ಮೆತ್ತಗೆ, ಒತ್ತುತ್ತಾ ಹೋದಂತೆ ಗಟ್ಟಿ. ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ ಇದ್ದರೆ ಸಾಮಾನ್ಯವಾಗಿ ಅದು ಪ್ರೊಗ್ರೆಸಿವ್. ನಮ್ಮ ರಸ್ತೆಗೆ ನಾನು ಪ್ರೊಗ್ರೆಸಿವ್ ಕಡೆಗೇ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ನಂಬರನ್ನು ನಿಮ್ಮ ಕಾರಿನ ಎಂಜಿನ್ನಿಗೆ ಹೊಂದಿಸಿ ನೋಡಿ. ಡೀಸೆಲ್ ಎಂಜಿನ್ ಭಾರ ಜಾಸ್ತಿ. ಪೆಟ್ರೋಲ್ ಕಾರಿನ ಸ್ಪ್ರಿಂಗನ್ನು ಡೀಸೆಲ್ ಕಾರಿಗೆ ಹಾಕಿದರೆ ಮುಂದಿನ ಭಾಗ ಹೇಳಿದ್ದಕ್ಕಿಂತ ಕೆಳಗೆ ಕೂರುತ್ತದೆ. ಜರ್ಮನಿಯಿಂದ ಬರುವ ಐಬಾಖ್‌ನಂಥ ಹೆಸರಿನ ಸ್ಪ್ರಿಂಗುಗಳ ಕಾಗದದಲ್ಲಿ ಎಷ್ಟು ಭಾರದ ಆಕ್ಸಲಿಗೆ ಅನ್ನುವ ಅಂಕಿ ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

5. ಶಾಕ್ ಅಬ್ಸಾರ್ಬರ್ ಮತ್ತು ಬಂಪ್ ಸ್ಟಾಪ್

ಇಡೀ ಕೆಲಸದ ಜೀವ ಇಲ್ಲಿದೆ. ಸ್ಪ್ರಿಂಗಿಗೆ ದುಡ್ಡು ಹಾಕಿ ಇಲ್ಲಿ ಉಳಿಸಲು ಹೋದವರೇ ಜಾಸ್ತಿ.

ಸ್ಪ್ರಿಂಗ್ ಕಾರನ್ನು ಹೊರುತ್ತದೆ. ಶಾಕ್ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಸ್ಪ್ರಿಂಗ್ ಗಟ್ಟಿಯಾದರೆ ಅದು ವಾಪಸ್ ಚಿಮ್ಮುವ ಶಕ್ತಿಯೂ ಜಾಸ್ತಿ. ಹಳೆಯ ಶಾಕಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಹೈವೇಯಲ್ಲಿ ಸೇತುವೆಯ ಜೋಡಣೆ ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗುತ್ತದಲ್ಲ, ಅದು ಇದೇ ಕಾಯಿಲೆ.

ಎರಡನೆಯ ತೊಂದರೆ ಉದ್ದದ್ದು. ಹಳೆಯ ಶಾಕಿನ ರಾಡ್ ಹಳೆಯ ಎತ್ತರಕ್ಕೆ ಲೆಕ್ಕ ಹಾಕಿದ್ದು. ಕಾರು ಇಳಿದರೆ ರಾಡ್ ಯಾವಾಗಲೂ ಒಳಗೆ ಇಳಿದೇ ಇರುತ್ತದೆ. ಒತ್ತಿಕೊಳ್ಳಲು ಜಾಗ ಕಡಿಮೆ, ಬಂಪ್ ಸ್ಟಾಪ್ ಮೇಲೆ ದಿನಾ ಪೆಟ್ಟು. ಇದನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಬಾಕಿ ಓಟ ಅರ್ಧಕ್ಕೆ ಇಳಿದರೆ, ಅದೇ ಪೆಟ್ಟನ್ನು ಸ್ಪ್ರಿಂಗ್ ಒಂದೇ ತಡೆಯಬೇಕಾದರೆ ಅದು ನಾಲ್ಕು ಪಟ್ಟು ಗಟ್ಟಿ ಇರಬೇಕು. ಅಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದ ಕಾರಿನಲ್ಲಿ ಯಾರೂ ಕೂರಲಾರರು. ರಸ್ತೆಯ ಕಾರಿಗೆ ಸಿಗುವ ಸ್ಪ್ರಿಂಗ್ ಅಷ್ಟು ಗಟ್ಟಿ ಇರುವುದೂ ಇಲ್ಲ. ಹಾಗಾದರೆ ಮಿಕ್ಕ ಪೆಟ್ಟು ಎಲ್ಲಿಗೆ ಹೋಗುತ್ತದೆ? ಬಂಪ್ ಸ್ಟಾಪಿಗೆ, ಅಲ್ಲಿಂದ ಮೇಲಿನ ಮೌಂಟಿಗೆ, ಅಲ್ಲಿಂದ ಬಾಡಿಗೆ, ನಿಮ್ಮ ಬೆನ್ನಿಗೆ.

ಅದಕ್ಕೆ ತಗ್ಗಿಸಿದ ಕಾರಿಗೆಂದೇ ಗಿಡ್ಡ ದೇಹದ ಶಾಕ್ ಮಾಡುತ್ತಾರೆ. ಉದಾಹರಣೆಗೆ ಬಿಲ್‌ಸ್ಟೈನ್ ಕಂಪನಿಯ ಬಿ6 ಮಾಮೂಲಿ ಉದ್ದದ್ದು, ಬಿ8 ಅದೇ ಜಾತಿಯ ಗಿಡ್ಡ ಆವೃತ್ತಿ. ಯಾವ ಕಂಪನಿಯದೇ ಆಗಲಿ, "ಇದು ಲೋಯರಿಂಗ್ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ್ದಾ, ಇಲ್ಲಾ ಬರೀ ಗಟ್ಟಿ ಮಾಡಿದ್ದಾ?" ಅಂತ ಕೇಳಿ. ಎರಡೂ ಬೇರೆ ಬೇರೆ. 20 ಮಿ.ಮೀ ಒಳಗೆ ಇಳಿಸುವುದಾದರೆ ಒಳ್ಳೆಯ ಸ್ಥಿತಿಯ ಹೊಸ ಮಾಮೂಲಿ ಶಾಕ್ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಗಿಡ್ಡ ಶಾಕ್ ಇಲ್ಲದೆ ಕೈ ಹಾಕಬೇಡಿ.

ಹಳೆಯ ಶಾಕ್ ಇಟ್ಟುಕೊಳ್ಳುವುದಾದರೂ ಒಮ್ಮೆ ಬೆರಳು ಹಾಕಿ ನೋಡಿ. ರಾಡ್ ಹೊರಬರುವ ಜಾಗದಲ್ಲಿ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಮುದ್ದೆಯಾಗಿದ್ದರೆ ಸೀಲು ಹೋಗಿದೆ. 60 ಸಾವಿರ ಕಿ.ಮೀ ಓಡಿದ ಶಾಕಿನ ಮೇಲೆ ಹೊಸ ಸ್ಪ್ರಿಂಗ್ ಹಾಕಿಸುವುದು ನನಗಂತೂ ಒಪ್ಪಿಗೆ ಇಲ್ಲ. ಸ್ಪ್ರಿಂಗ್ ಬಿಚ್ಚಿ ಹಾಕುವ ಕೂಲಿಯನ್ನು ಮತ್ತೆ ಎರಡನೇ ಸಲ ಕೊಡಬೇಕಾಗುತ್ತದೆ.

ಬಂಪ್ ಸ್ಟಾಪ್ ವಿಷಯದಲ್ಲಿ ಎರಡು ತಪ್ಪು ನಡೆಯುತ್ತವೆ. ಕೆಲವರು ಅದನ್ನು ಪೂರ್ತಿ ತೆಗೆದೇ ಬಿಡುತ್ತಾರೆ, "ಜಾಗ ಸಿಗಲಿ" ಅಂತ. ಆಗ ಮೊದಲ ದೊಡ್ಡ ಗುಂಡಿಗೇ ಶಾಕಿನ ಒಳಗಿನ ಕವಾಟ ಒಡೆಯಬಹುದು. ಇನ್ನು ಕೆಲವರು ಹಳೆಯದನ್ನೇ ಬಿಡುತ್ತಾರೆ. ಪುಡಿಪುಡಿಯಾದ ಹಳೆಯ ಸ್ಟಾಪ್ ಇದ್ದೂ ಇಲ್ಲದಂತೆ. ಸರಿಯಾದ ದಾರಿ ಏನೆಂದರೆ, ಸ್ಪ್ರಿಂಗ್ ಕಂಪನಿಯವರು ಕಾಗದದಲ್ಲಿ ಹೇಳಿದಷ್ಟು ಮಾತ್ರ ಕತ್ತರಿಸಬೇಕು, ಇಲ್ಲವೇ ಕಿಟ್ ಜೊತೆ ಬಂದ ಗಿಡ್ಡ ಸ್ಟಾಪ್ ಹಾಕಬೇಕು. ಕಾಗದದಲ್ಲಿ ಏನೂ ಹೇಳಿರದಿದ್ದರೆ ಕತ್ತರಿಸಬೇಡಿ.

6. ಕಾಯಿಲೋವರ್ ಬೇಕಾ?

ಕಾಯಿಲೋವರ್ ಅಂದರೆ ಶಾಕಿನ ಮೈಮೇಲೆ ಬೋಲ್ಟಿನ ಹಾಗೆ ತಿರುಪಿನ ಗೆರೆ ಇದ್ದು, ಎತ್ತರವನ್ನು ತಿರುಗಿಸಿ ಬದಲಿಸಬಹುದಾದ ಜೋಡಿ. ಇದರಲ್ಲೂ ಎರಡು ಬಗೆ ಇದೆ. ಒಂದರಲ್ಲಿ ಸ್ಪ್ರಿಂಗಿನ ತಟ್ಟೆ ಮೇಲೆ ಕೆಳಗೆ ಆಗುತ್ತದೆ. ಇಳಿಸಿದಂತೆ ಶಾಕಿನ ಬಾಕಿ ಓಟವೂ ಕಡಿಮೆ ಆಗುತ್ತದೆ. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ಟೇ ತಿರುಪಿನ ಮೇಲೆ ಓಡುತ್ತದೆ. ಎತ್ತರ ಬದಲಾದರೂ ಓಟ ಹಾಗೇ ಉಳಿಯುತ್ತದೆ. ದುಡ್ಡು ಹಾಕುವುದಾದರೆ ಎರಡನೆಯದಕ್ಕೆ ಹಾಕಿ.

ಗೋವಾ, ಮುಂಬೈ ಕಡೆ ಇರುವವರಿಗೆ ಒಂದು ಮಾತು. ಕಡಲ ಉಪ್ಪು ಗಾಳಿಗೆ ತಿರುಪಿನ ಗೆರೆ ಬೇಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಮಳೆಗಾಲದ ಮುಂಚೆ ಬ್ರಷ್ ಹಾಕಿ ತೊಳೆದು, ಗ್ರೀಸ್ ಹಚ್ಚಿ, ಬಟ್ಟೆ ಕವಚ ಸುತ್ತಿ. ಎತ್ತರವನ್ನು ಒಂದೇ ಸಲ ಸರಿ ಮಾಡಿ ಬಿಡುವವರಿಗೆ ಸ್ಪ್ರಿಂಗ್ ಮತ್ತು ಗಿಡ್ಡ ಶಾಕಿನ ಜೋಡಿಯೇ ಸಾಕು ಅನ್ನುವುದು ನನ್ನ ಅನುಭವ.

7. ಮೇಲಿನ ಮೌಂಟ್, ಬೇರಿಂಗ್, ಲಿಂಕ್ ರಾಡ್

ಸ್ಟ್ರಟ್ ಬಿಚ್ಚಿದಾಗಲೇ ಹೊಸದು ಹಾಕಬೇಕಾದ ಸಾಮಾನುಗಳಿವು. ಸ್ಟ್ರಟ್ ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದ ಹಾಗೆ ಸೇರಿದ ಭಾಗ. ಮೇಲಿನ ರಬ್ಬರ್ ಮೌಂಟ್, ಸ್ಟೀರಿಂಗ್ ತಿರುಗುವಾಗ ಸ್ಟ್ರಟ್ ತಿರುಗಲು ಇರುವ ಬೇರಿಂಗ್, ಸ್ಪ್ರಿಂಗಿನ ರಬ್ಬರ್ ಪ್ಯಾಡ್, ಧೂಳು ಕವಚ, ಮೇಲಿನ ನಟ್ಟು. ಎಲ್ಲವನ್ನೂ ಕಂಪನಿಯ ಬಿಡಿಭಾಗವೇ ತರಿಸಿ. ಪುಣೆಯ ನಾನಾ ಪೇಠ್ ಬಡಾವಣೆಯ ಅಂಗಡಿಗಳಲ್ಲಿ ಕೊಳ್ಳುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ.

ಲಿಂಕ್ ರಾಡ್ ಆ್ಯಂಟಿ ರೋಲ್ ಬಾರನ್ನು ಸ್ಟ್ರಟ್ಟಿಗೆ ಕಟ್ಟುವ ಚಿಕ್ಕ ಕಡ್ಡಿ. ಆ್ಯಂಟಿ ರೋಲ್ ಬಾರ್ ಅಂದರೆ ತಿರುವಿನಲ್ಲಿ ಕಾರು ವಾಲದಂತೆ ಎರಡೂ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು. 25 ಮಿ.ಮೀ ಒಳಗೆ ಇಳಿಸಿದರೆ ಹಳೆಯ ಲಿಂಕ್ ನಡೆಯುತ್ತದೆ. ಜಾಸ್ತಿ ಇಳಿಸಿದರೆ ಬಾರ್ ಮೇಲಕ್ಕೆ ಹೋಗಿ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿಗೋ ಬಾಡಿಗೋ ತಾಗುತ್ತದಾ ಅಂತ ನೋಡಿ, ತಾಗಿದರೆ ಉದ್ದ ಬದಲಿಸಬಹುದಾದ ಲಿಂಕ್ ಹಾಕಿಸಿ.

8. ಲೋವರ್ ಆರ್ಮ್, ಬಾಲ್ ಜಾಯಿಂಟ್, ಕ್ಯಾಂಬರ್ ಬೋಲ್ಟ್

ನಮ್ಮ ಹೆಚ್ಚಿನ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಕೆಳಗೆ ಒಂದು ಲೋವರ್ ಆರ್ಮ್ ಚಕ್ರವನ್ನು ಹಿಡಿದಿರುತ್ತದೆ. ಸಾಮಾನ್ಯವಾಗಿ ಅದು ಹೊರಗಡೆಗೆ ಸ್ವಲ್ಪ ಕೆಳಮುಖವಾಗಿ ಇರುತ್ತದೆ. ಕಾರು ಇಳಿದಂತೆ ಅದು ಮಟ್ಟವಾಗುತ್ತದೆ, ಇನ್ನೂ ಇಳಿಸಿದರೆ ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಬಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಸನ್ನೆಕೋಲಿನ ಹಿಡಿ ಉದ್ದವಾದಂತೆ ಇದು, ಕಾರನ್ನು ವಾಲಿಸುವುದು ಸುಲಭವಾಗುತ್ತದೆ. ತುಂಬಾ ಇಳಿಸಿದ ಕಾರು ಖಂಬಾಟ್ಕಿ ಘಾಟಿನ ತಿರುವಿನಲ್ಲಿ ಅಂದುಕೊಂಡಷ್ಟು ಬಿಗಿಯಾಗಿ ನಿಲ್ಲದೆ ಇರುವುದಕ್ಕೆ ಇದೂ ಒಂದು ಕಾರಣ.

ಅದೇ ರೀತಿ ಟೈ ರಾಡಿನ ಕೋನವೂ ಬದಲಾಗುತ್ತದೆ. ಟೈ ರಾಡ್ ಅಂದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಕಡ್ಡಿ. ಲೋವರ್ ಆರ್ಮೂ ಟೈ ರಾಡೂ ಬೇರೆ ಬೇರೆ ಕಮಾನಿನಲ್ಲಿ ಓಡಿದರೆ, ನೀವು ಸ್ಟೀರಿಂಗ್ ನೇರ ಹಿಡಿದಿದ್ದರೂ ಗುಂಡಿಯಲ್ಲಿ ಚಕ್ರ ತಾನೇ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಗುಂಡು ಕೀಲು ಬಾಲ್ ಜಾಯಿಂಟ್. ಉದ್ದ ಕಾಲಿನ ಬಾಲ್ ಜಾಯಿಂಟ್ ಮತ್ತು ಅದಕ್ಕೆ ಹೊಂದುವ ಟೈ ರಾಡ್ ಎಂಡ್ ಹಾಕಿದರೆ ಕೋನ ವಾಪಸ್ ಬರುತ್ತದೆ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಮೊದಲಿಗಿಂತ ಕೆಟ್ಟದಾಗುತ್ತದೆ. 25 ಮಿ.ಮೀ ಒಳಗೆ ಇದಾವುದೂ ಬೇಕಾಗುವುದಿಲ್ಲ. ನಾನು ಕಡಿಮೆ ಇಳಿಸಿ ಅಂತ ಹೇಳುವುದಕ್ಕೆ ಇದು ದೊಡ್ಡ ಕಾರಣ: ಮಿತಿ ದಾಟಿದರೆ ಸಾಮಾನಿನ ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೆಯುತ್ತದೆ.

ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಸ್ಟ್ರಟ್ಟನ್ನು ಎರಡು ಬೋಲ್ಟಿನಿಂದ ಹಿಡಿದಿರುವ ಸ್ವಿಫ್ಟ್, ಐ20 ಥರದ ಕಾರಿನಲ್ಲಿ ನಡುಭಾಗ ಒಂದು ಕಡೆಗೆ ಸರಿದಿರುವ ಕ್ಯಾಂಬರ್ ಬೋಲ್ಟ್ ಹಾಕಿ ಸರಿಪಡಿಸಬಹುದು. ಪೋಲೋದಲ್ಲಿ ಸ್ಟ್ರಟ್ ಒಂದು ಹಿಡಿಕೆಯೊಳಗೆ ತೂರಿ ಕೂರುತ್ತದೆ, ಅಲ್ಲಿ ಈ ಬೋಲ್ಟ್ ನಡೆಯುವುದಿಲ್ಲ.

9. ಹಿಂದಿನ ಚಕ್ರಗಳು

ಈ ಹ್ಯಾಚ್‌ಬ್ಯಾಕುಗಳ ಹಿಂದೆ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ (ಟಾರ್ಷನ್ ಬೀಮ್). ಅಲ್ಲಿ ಕ್ಯಾಂಬರ್ ಆಗಲಿ ಟೋ ಆಗಲಿ ತಿರುಗಿಸಿ ಬದಲಿಸುವ ಏರ್ಪಾಡು ಇಲ್ಲ. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಗೆ ನೋಡುತ್ತಿವೆಯಾ ಹೊರಗೆ ನೋಡುತ್ತಿವೆಯಾ ಅನ್ನುವುದು. ಸ್ಪ್ರಿಂಗ್ ಬದಲಿಸುವುದು ಸುಲಭ. ಆದರೆ ಒಂದು ಪರೀಕ್ಷೆ ಮರೆಯಬೇಡಿ. ಎಲ್ಲ ಜೋಡಿಸಿದ ಮೇಲೆ ಕಾರು ಎತ್ತಿ, ಚಕ್ರ ಪೂರ್ತಿ ಜೋತು ಬಿದ್ದಿರುವಾಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಲು ನೋಡಿ. ತಿರುಗಿತು, ಅಲ್ಲಾಡಿತು ಅಂದರೆ ಶಾಕ್ ಉದ್ದ ಜಾಸ್ತಿ. ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಏರ್ಪಾಡು, ಇಲ್ಲದ ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ತೊಲೆಗೆ ಒಂದು ಸಣ್ಣ ಸ್ಪ್ರಿಂಗಿನಿಂದ ಕಟ್ಟಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂದಿನ ಭಾಗ ಕುಸಿದಷ್ಟೂ "ಭಾರ ಇದೆ" ಅಂದುಕೊಂಡು ಅದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ. ನೀವು ಕಾರು ತಗ್ಗಿಸಿದರೆ ಖಾಲಿ ಕಾರನ್ನೂ ಅದು ತುಂಬಿದ ಕಾರು ಅಂದುಕೊಳ್ಳುತ್ತದೆ. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಜಾಮ್ ಆಗಿ ಕಾರು ತಿರುಗಿಬಿಡುತ್ತದೆ. ಈ ವಾಲ್ವ್ ಇದ್ದರೆ ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಇದು ಗೊತ್ತಿಲ್ಲದೆ ಓಡಾಡುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

10. ಜೋಡಿಸುವ ದಿನ

ಮನೆಯಲ್ಲಿ ಮಾಡಬೇಡಿ. ಒತ್ತಿಕೊಂಡ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಮತ್ತು ಬೋಲ್ಟಿನ ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇರುವ ಗ್ಯಾರೇಜಿಗೆ ಹೋಗಿ, ಪಕ್ಕದಲ್ಲೇ ನಿಂತು ನೋಡಿ. ನೀವು ಕಣ್ಣಿಡಬೇಕಾದದ್ದು ಇಷ್ಟು.

ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಹಿಡಿದ ಮೇಲೇ ಮೇಲಿನ ನಟ್ಟು ಬಿಚ್ಚಬೇಕು. ಲಿಂಕ್ ರಾಡನ್ನು ಎಡಕ್ಕೂ ಬಲಕ್ಕೂ ಒಟ್ಟಿಗೆ ಬಿಚ್ಚಿದರೆ ಬಾರ್ ಎಳೆದಾಡುವುದಿಲ್ಲ. ಬ್ರೇಕ್ ಹೋಸ್ ಮತ್ತು ಎಬಿಎಸ್ ವಯರನ್ನು ಸ್ಟ್ರಟ್ಟಿನಿಂದ ಮೊದಲೇ ಬಿಡಿಸಬೇಕು. ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಅದನ್ನು ಬ್ರೇಕ್ ಹೋಸಿನ ಮೇಲೆ ನೇತು ಬಿಡಬಾರದು, ತಂತಿಯಲ್ಲಿ ಕಟ್ಟಬೇಕು. ಹಬ್ ಹೊರಗೆ ವಾಲಿದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಳ್ಳಬಹುದು. ಹೊಸ ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯಾ ಅಂತ ನೀವೇ ಬಗ್ಗಿ ನೋಡಿ.

ಎಲ್ಲಕ್ಕಿಂತ ಜಾಸ್ತಿ ನಡೆಯುವ ತಪ್ಪು ಬುಷ್ ಬೋಲ್ಟಿನದ್ದು. ಲೋವರ್ ಆರ್ಮಿನ ಬುಷ್ ಅಂದರೆ ಒಳಗೆ ಉಕ್ಕಿನ ಕೊಳವೆ, ಸುತ್ತ ರಬ್ಬರ್. ಬೋಲ್ಟ್ ಬಿಗಿ ಮಾಡಿದ ಗಳಿಗೆಯ ಸ್ಥಿತಿಯೇ ಆ ರಬ್ಬರಿನ ವಿಶ್ರಾಂತಿ ಸ್ಥಿತಿ. ಕಾರು ಲಿಫ್ಟಿನ ಮೇಲೆ ಇದ್ದು ಚಕ್ರ ಜೋತು ಬಿದ್ದಿರುವಾಗ ಬಿಗಿ ಮಾಡಿದರೆ, ನೆಲಕ್ಕೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ದಿನವಿಡೀ ತಿರುಚಿಕೊಂಡೇ ಇರುತ್ತದೆ. ಒಂದು ಸಲ ನನ್ನ ಕಾರಿನಲ್ಲೇ ಹೀಗೆ ಮಾಡಿದ್ದರು. ಐದೇ ತಿಂಗಳಲ್ಲಿ ರಬ್ಬರ್ ಸುತ್ತಲೂ ಹರಿದು, ಬ್ರೇಕ್ ಒತ್ತಿದಾಗಲೆಲ್ಲ ಟಕ್ ಟಕ್ ಅನ್ನುತ್ತಿತ್ತು. ಹಿಂದಿನ ತೊಲೆಯ ಬುಷ್ ಬೋಲ್ಟಿಗೂ ಇದೇ ನಿಯಮ. ಮೆಕ್ಯಾನಿಕ್‌ಗೆ ಮರಾಠಿಯಲ್ಲಿ ಹೇಳಿಬಿಡಿ: "ಗಾಡಿ ಖಾಲೀ ಉತರವೂನ್ ಬೋಲ್ಟ್ ಟಾಯ್ಟ್ ಕರಾ." ಗಾಡಿ ಕೆಳಗಿಳಿಸಿ ಬೋಲ್ಟ್ ಬಿಗಿ ಮಾಡಿ ಅಂತ. ಕಾರು ತನ್ನ ಚಕ್ರದ ಮೇಲೇ ನಿಲ್ಲುವ ನಾಲ್ಕು ಕಂಬದ ರ್‍ಯಾಂಪ್ ಇದ್ದರೆ ಕೆಲಸ ಸಲೀಸು.

11. ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್

ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಚಕ್ರಗಳ ಕೋನ ಅಳೆದು ಸರಿಪಡಿಸುವುದು ಅದು. ಪ್ರಿಂಟ್ ತೆಗೆಸಿಕೊಂಡು ಇಟ್ಟುಕೊಳ್ಳಿ. ಮುಂದಿನ ಕ್ಯಾಂಬರ್ ಮೈನಸ್ 1ರಿಂದ ಮೈನಸ್ 1.5 ಡಿಗ್ರಿ ಒಳಗೆ ಇದ್ದು ಎಡ ಬಲ ಸಮ ಇದ್ದರೆ ಚಿಂತೆ ಬೇಡ. ಟೋ ಮಾತ್ರ ಕಂಪನಿ ಹೇಳಿದ ಮಿತಿಯೊಳಗೇ ಬರಬೇಕು. ತಗ್ಗಿಸಿದ ಕಾರಿನ ಟೈರ್ ಒಳಗಡೆ ಸವೆಯುವುದಕ್ಕೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ, ನಿಜವಾಗಿ ಹೆಚ್ಚಿನ ಸಲ ತಪ್ಪು ಟೋದ್ದು.

ನಾಲ್ಕೂ ಕಡೆ ಸಮನಾಗಿ ಇಳಿಯದಿದ್ದರೆ ಹೆಡ್‌ಲೈಟಿನ ಕೋನ ಬದಲಾಗುತ್ತದೆ. ಹಿಂದೆ ಜಾಸ್ತಿ ಇಳಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗೋಡೆಗೆ ಬೆಳಕು ಬಿಟ್ಟು ಸರಿಪಡಿಸಿಕೊಳ್ಳಿ. ಗಾಜಿನ ಹಿಂದೆ ಕ್ಯಾಮೆರಾ ಇರುವ, ತಾನೇ ಬ್ರೇಕ್ ಹಾಕುವ ಹೊಸ ಕಾರಾದರೆ ಸರ್ವಿಸ್ ಸೆಂಟರಿನಲ್ಲಿ ಅದನ್ನೂ ಹೊಸ ಎತ್ತರಕ್ಕೆ ಕ್ಯಾಲಿಬ್ರೇಟ್ ಮಾಡಿಸಬೇಕು.

12. ಮೊದಲ ಸಾವಿರ ಕಿಲೋಮೀಟರ್

ಹೊಸ ಸ್ಪ್ರಿಂಗ್ ಕೆಲವು ಮಿಲಿಮೀಟರ್ ಇನ್ನೂ ಕೂರುತ್ತದೆ. 500 ಕಿ.ಮೀ ಆದ ಮೇಲೆ ಬಿಚ್ಚಿ ಹಾಕಿದ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿಸಿ. 1,000 ಕಿ.ಮೀ ಆದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ. ಚಕ್ರದ ನಡುವಿನಿಂದ ಫೆಂಡರಿಗೆ ಇರುವ ಅಳತೆಯನ್ನು ಮತ್ತೆ ತೆಗೆದು ಹಳೆಯ ನೋಟ್‌ಬುಕ್ಕಿನಲ್ಲೇ ಪಕ್ಕದಲ್ಲಿ ಬರೆಯಿರಿ.

ಟೈರಿನ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಗೆ, ಆಮೇಲೆ ಒಳಗಿನಿಂದ ಹೊರಗೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ ತಪ್ಪಿದೆ, ಕಣ್ಣಿಗೆ ಸವೆತ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ಫೆಂಡರಿನ ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಉಜ್ಜಿದ ಹೊಳಪು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಕೊನೆಗೆ ಹೊಸ ಶಾಕಿನ ರಾಡಿಗೂ ಒಂದು ಕೇಬಲ್ ಟೈ ಸುತ್ತಿ, ಎಲ್ಲರನ್ನೂ ಕೂರಿಸಿಕೊಂಡು ಊರಿಗೆ ಹೋಗಿ ಬನ್ನಿ. ವಾಪಸ್ ಬಂದ ಮೇಲೆ ಸ್ಟೀರಿಂಗ್ ತಿರುಗಿಸಿ ನೋಡಿ. ಟೈ ಬಂಪ್ ಸ್ಟಾಪಿಗಿಂತ ಕೆಳಗೆ ನಿಂತಿದ್ದರೆ, ಇಲ್ಲವೇ ಅದಕ್ಕೆ ಈಗಷ್ಟೇ ತಾಗಿದ್ದರೆ ನಿಮ್ಮ ಲೆಕ್ಕ ಸರಿ ಇದೆ. ಸ್ಟಾಪಿನ ಸ್ಪಂಜಿನೊಳಗೆ ಹೂತು ಹೋಗಿದ್ದರೆ 10 ಮಿ.ಮೀ ವಾಪಸ್ ಏರಿಸಿ. ಕಾಯಿಲೋವರ್ ಆದರೆ ತಿರುಪು ತಿರುಗಿಸಿದರಾಯಿತು, ಸ್ಪ್ರಿಂಗ್ ಆದರೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿ. ಆಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಬೇಕಾಗುತ್ತದೆ, ಅದನ್ನು ಬಿಡಬೇಡಿ.